ಬ್ರಿಟನ್ನಿನಲ್ಲಿದ್ದು ಯುರೋಪಿಗೆ ಹೊರಟರೆ: ಭಾರತದ ಪಾಸ್‌ಪೋರ್ಟ್ ಇರುವವರಿಗೆ ಗಡಿ ದಾಟುವ ಮಾರ್ಗದರ್ಶಿ

ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಎರಡೂಕಾಲು ಗಂಟೆಗೆಲ್ಲಾ ಪ್ಯಾರಿಸ್. ಬೆಂಗಳೂರಿನಿಂದ ಮೈಸೂರಿಗೆ ಹೋದಷ್ಟೇ ಹೊತ್ತು. ಅದಕ್ಕೇ ಇಲ್ಲಿಗೆ ಹೊಸದಾಗಿ ಬಂದ ನಮ್ಮವರು ಮೊದಲ ಲಾಂಗ್ ವೀಕೆಂಡ್ ಬರುತ್ತಿದ್ದ ಹಾಗೆ ಕೇಳುತ್ತಾರೆ: "ಯುಕೆ ವೀಸಾ ಇದೆಯಲ್ಲ, ಪ್ಯಾರಿಸ್‌ಗೆ ಹೋಗಿಬರಬಹುದಲ್ವಾ?"

ಆಗಲ್ಲ. ಬ್ರಿಟನ್ ಕೊಟ್ಟ ವೀಸಾ ಬ್ರಿಟನ್ನಿಗೆ ಮಾತ್ರ. ನೀವು ಇಲ್ಲಿ ಹತ್ತು ವರ್ಷದಿಂದ ತೆರಿಗೆ ಕಟ್ಟುತ್ತಿದ್ದರೂ, ಪರ್ಮನೆಂಟ್ ಆಗಿ ಇರುವ ಐಎಲ್‌ಆರ್ ಸಿಕ್ಕಿದ್ದರೂ, ಫ್ರಾನ್ಸಿನ ಗಡಿ ಅಧಿಕಾರಿ ನೋಡುವುದು ನಿಮ್ಮ ಕೈಯಲ್ಲಿರುವ ಭಾರತದ ಪಾಸ್‌ಪೋರ್ಟನ್ನೇ. ಈ ಒಂದು ವಿಷಯ ಗಟ್ಟಿಯಾಗಿ ತಲೆಯಲ್ಲಿ ಕೂತರೆ ಮುಂದಿನ ಅರ್ಧ ತೊಂದರೆ ತಪ್ಪಿದ ಹಾಗೆ. ನಾನು ರೆಡಿಂಗ್‌ನಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಯುರೋಪಿಗೆ ಆರೇಳು ಸಲ ಹೋಗಿಬಂದಿದ್ದೇನೆ, ಗೆಳೆಯರ ಅರ್ಜಿಗಳನ್ನೂ ಕೂತು ತುಂಬಿಸಿದ್ದೇನೆ. ಹೊರಡುವ ಆರು ತಿಂಗಳ ಮುಂಚಿನಿಂದ ಶುರುಮಾಡಿ ಮನೆಗೆ ವಾಪಸ್ ಬರುವವರೆಗೆ ಏನೇನು ಮಾಡಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತೇನೆ.

ಬ್ರೆಕ್ಸಿಟ್‌ನಿಂದ ನಮಗೆ ಏನು ಬದಲಾಯಿತು?

ಬ್ರಿಟನ್ 2020ರ ಜನವರಿ 31ಕ್ಕೆ ಯುರೋಪಿಯನ್ ಒಕ್ಕೂಟ ಬಿಟ್ಟಿತು. ಹಳೆಯ ನಿಯಮಗಳು ಆ ವರ್ಷದ ಡಿಸೆಂಬರ್ 31ರವರೆಗೆ ನಡೆದವು. ಆದರೆ ಷೆಂಗೆನ್ ಒಪ್ಪಂದದಲ್ಲಿ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿ, ಬ್ರಿಟನ್ ಮೊದಲೂ ಇರಲಿಲ್ಲ. ಹಾಗಾಗಿ ನಮ್ಮಂಥವರಿಗೆ ಷೆಂಗೆನ್ ವೀಸಾ ಆಗಲೂ ಬೇಕಿತ್ತು, ಈಗಲೂ ಬೇಕು. ಬದಲಾದದ್ದು ಬೇರೆ ಕಡೆ. ಬ್ರಿಟಿಷ್ ಪ್ರಜೆಯನ್ನು ಮದುವೆಯಾದ ಭಾರತೀಯರಿಗೆ ಗಂಡ ಅಥವಾ ಹೆಂಡತಿಯ ಜೊತೆ ಹೋಗುವಾಗ ವೀಸಾ ಫೀಸು ಇರುತ್ತಿರಲಿಲ್ಲ. ಆ ಸೌಲಭ್ಯ ಹೋಯಿತು. ಊರಿಗೆ ಹೋಗುವ ದಾರಿಯಲ್ಲಿ ಯುರೋಪಿನ ಏರ್‌ಪೋರ್ಟಿನಲ್ಲಿ ವಿಮಾನ ಬದಲಿಸಲು ಬ್ರಿಟನ್ ವೀಸಾ ಕೊಡುತ್ತಿದ್ದ ರಿಯಾಯಿತಿಯೂ ಹೋಯಿತು. ಬುತ್ತಿಯಲ್ಲಿ ಏನು ಒಯ್ಯಬಹುದು ಅನ್ನುವುದೂ ಬದಲಾಯಿತು. ಒಂದೊಂದನ್ನೂ ಅದರ ಜಾಗದಲ್ಲಿ ಹೇಳುತ್ತೇನೆ.

ಹೆಜ್ಜೆ 1: ಮೊದಲು ಬ್ರಿಟನ್ ಕಡೆಯ ಲೆಕ್ಕ ಸರಿಮಾಡಿಕೊಳ್ಳಿ

ಎಲ್ಲರೂ ಷೆಂಗೆನ್ ಅರ್ಜಿಯಿಂದ ಶುರುಮಾಡುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ಮುಂಚೆ ನೋಡಬೇಕಾದ್ದು, ನೀವು ವಾಪಸ್ ಬ್ರಿಟನ್ನಿಗೆ ಹೇಗೆ ಬರುತ್ತೀರಿ ಅನ್ನುವುದನ್ನು.

ಮೊದಲೆಲ್ಲಾ ಬಿಆರ್‌ಪಿ ಅಂತ ಒಂದು ಪ್ಲಾಸ್ಟಿಕ್ ಕಾರ್ಡ್ ಇತ್ತು. ತೋರಿಸಿದರೆ ಮುಗಿಯಿತು. ಆ ಕಾರ್ಡುಗಳಲ್ಲಿ ಹೆಚ್ಚಿನವುಗಳ ಅವಧಿ 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ಈಗ ಇರುವುದು ಇ-ವೀಸಾ. ಅಂದರೆ ನಿಮ್ಮ ವೀಸಾ ಕಾಗದದಲ್ಲೂ ಇಲ್ಲ, ಕಾರ್ಡಿನಲ್ಲೂ ಇಲ್ಲ, ಯುಕೆವಿಐ ಅನ್ನುವ ಆನ್‌ಲೈನ್ ಅಕೌಂಟಿನಲ್ಲಿದೆ. ವಿಮಾನದ ಕಂಪನಿಯವರು ನಿಮ್ಮ ಪಾಸ್‌ಪೋರ್ಟನ್ನು ಸ್ಕ್ಯಾನ್ ಮಾಡಿದಾಗ ಅದರ ನಂಬರಿಗೆ ಈ ಅಕೌಂಟ್ ಜೋಡಿಯಾಗಿದ್ದರೆ ಅವರಿಗೆ ಕಾಣುತ್ತದೆ. ಜೋಡಿಯಾಗಿಲ್ಲದಿದ್ದರೆ ಕಾಣುವುದಿಲ್ಲ.

ಇದು ನನಗೇ ಆಯಿತು. ಪಾಸ್‌ಪೋರ್ಟ್ ರಿನ್ಯೂ ಮಾಡಿಸಿದ್ದೆ. ಹೊಸ ನಂಬರನ್ನು ಅಕೌಂಟಿಗೆ ಹಾಕಿದ್ದೆ, ಆದರೆ ಅದು ಸೇರಿಕೊಂಡಿದೆಯಾ ಅಂತ ತಿರುಗಿ ನೋಡಿರಲಿಲ್ಲ. ರಜೆ ಮುಗಿಸಿ ವಾಪಸ್ ಬರುವಾಗ ಚೆಕ್‌ಇನ್ ಕೌಂಟರಿನ ಹುಡುಗಿ ಸ್ಕ್ರೀನ್ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಸ್ಕ್ರೀನ್ ನೋಡಿದಳು. "ನಿಮ್ಮ ಯುಕೆ ವೀಸಾ ಎಲ್ಲಿ?" ಅಂದಳು. ಮಗಳು ನನ್ನ ಕೋಟಿನ ತುದಿ ಹಿಡಿದುಕೊಂಡು ನಿಂತಿದ್ದಳು. ಹಿಂದೆ ಕ್ಯೂ ಬೆಳೆಯುತ್ತಿತ್ತು. ಫೋನಿನಲ್ಲಿ ಅಕೌಂಟ್ ತೆರೆಯೋಣವೆಂದರೆ ಲಾಗಿನ್ ಕೋಡ್ ಬರುವ ಸಿಮ್ ರೋಮಿಂಗ್‌ನಲ್ಲಿ ಕೆಲಸ ಮಾಡುತ್ತಿಲ್ಲ. ಕೊನೆಗೆ ಏರ್‌ಪೋರ್ಟಿನ ವೈಫೈ ಹಿಡಿದು, ಇಮೇಲ್‌ಗೆ ಕೋಡ್ ತರಿಸಿ, ವೀಸಾ ವಿವರವನ್ನು ಅವರಿಗೆ ಆನ್‌ಲೈನ್‌ನಲ್ಲಿ ತೋರಿಸುವ ಶೇರ್ ಕೋಡ್ ತೆಗೆದು, ಹಳೆಯ ಪಾಸ್‌ಪೋರ್ಟನ್ನೂ ತೋರಿಸಿದ ಮೇಲೆ ಸೂಪರ್‌ವೈಸರ್ ಬಂದು ಬಿಟ್ಟರು. ನಲವತ್ತು ನಿಮಿಷ ಹಿಡಿಯಿತು.

ಹಾಗಾಗಿ ಹೀಗೆ ಮಾಡಿ. ಹೊರಡುವ ಒಂದು ತಿಂಗಳ ಮುಂಚೆ ಯುಕೆವಿಐ ಅಕೌಂಟಿಗೆ ಲಾಗಿನ್ ಆಗಿ, ಅಲ್ಲಿರುವ ಪಾಸ್‌ಪೋರ್ಟ್ ನಂಬರ್ ನಿಮ್ಮ ಕೈಯಲ್ಲಿರುವುದೇನಾ ನೋಡಿ. ಹೆಸರು, ಹುಟ್ಟಿದ ದಿನ, ವೀಸಾ ಮುಗಿಯುವ ದಿನ ಎಲ್ಲವನ್ನೂ ಓದಿ. ಮಕ್ಕಳ ಅಕೌಂಟನ್ನೂ ನೋಡಿ, ಅದನ್ನು ಮರೆಯುವವರೇ ಜಾಸ್ತಿ. ಹೊರಡುವ ವಾರ ಒಂದು ಶೇರ್ ಕೋಡ್ ತೆಗೆದುಕೊಳ್ಳಿ. ಅದು 90 ದಿನ ನಡೆಯುತ್ತದೆ. ಅದರ ಜೊತೆಗೆ ಬರುವ ವಿವರದ ಪುಟವನ್ನು ಪ್ರಿಂಟ್ ಮಾಡಿ ಪಾಸ್‌ಪೋರ್ಟಿನೊಳಗೆ ಮಡಚಿ ಇಡಿ. ಕಾಗದ ಬೇಕೇ ಬೇಕು ಅಂತ ನಿಯಮವಿಲ್ಲ. ಆದರೂ ಇರಲಿ.

ಇದಕ್ಕಿಂತ ದೊಡ್ಡ ಎಚ್ಚರಿಕೆ ಇನ್ನೊಂದಿದೆ. ನೀವು ಬ್ರಿಟನ್ನಿನ ಒಳಗಿನಿಂದಲೇ ವೀಸಾ ವಿಸ್ತರಣೆಗೋ ಐಎಲ್‌ಆರ್‌ಗೋ ಅರ್ಜಿ ಹಾಕಿ, ಉತ್ತರ ಇನ್ನೂ ಬಂದಿಲ್ಲ ಅಂದುಕೊಳ್ಳಿ. ಆಗ ಯುರೋಪಿಗೆ ಹೋದರೆ ಆ ಅರ್ಜಿಯನ್ನು ನೀವೇ ಹಿಂದೆ ತೆಗೆದುಕೊಂಡ ಹಾಗೆ ಲೆಕ್ಕ. ಕಟ್ಟಿದ ಸಾವಿರಾರು ಪೌಂಡ್, ಕಾದ ತಿಂಗಳುಗಳು ಎಲ್ಲಾ ಹೋಗುತ್ತದೆ. ಎರಡು ದಿನದ ಪ್ರವಾಸಕ್ಕೂ ಇದೇ ನಿಯಮ. ಉತ್ತರ ಬರುವವರೆಗೆ ಸ್ಕಾಟ್ಲೆಂಡ್ ನೋಡಿ, ವೇಲ್ಸ್ ನೋಡಿ. ಗಡಿ ಮಾತ್ರ ದಾಟಬೇಡಿ.

ಹೆಜ್ಜೆ 2: ನಕ್ಷೆ ಇಟ್ಟುಕೊಂಡು ದೇಶ ಆರಿಸಿ

ಯುರೋಪಿಯನ್ ಒಕ್ಕೂಟ ಬೇರೆ, ಷೆಂಗೆನ್ ಬೇರೆ. ಷೆಂಗೆನ್‌ನಲ್ಲಿ ಈಗ 29 ದೇಶಗಳಿವೆ. ಒಕ್ಕೂಟದ 27ರಲ್ಲಿ 25, ಜೊತೆಗೆ ಒಕ್ಕೂಟದಲ್ಲಿ ಇಲ್ಲದ ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲೆಂಡ್, ಲೀಕ್ಟನ್‌ಸ್ಟೈನ್. ಕ್ರೊವೇಷಿಯಾ 2023ರ ಜನವರಿಯಲ್ಲಿ ಸೇರಿತು. ರೊಮೇನಿಯಾ, ಬಲ್ಗೇರಿಯಾ 2025ರ ಜನವರಿ 1ಕ್ಕೆ ಪೂರ್ತಿಯಾಗಿ ಒಳಗೆ ಬಂದವು. ಒಕ್ಕೂಟದಲ್ಲಿದ್ದೂ ಷೆಂಗೆನ್ ಹೊರಗಿರುವವು ಐರ್ಲೆಂಡ್ ಮತ್ತು ಸೈಪ್ರಸ್. ಒಂದು ಷೆಂಗೆನ್ ವೀಸಾ ಇದ್ದರೆ ಈ 29ರಲ್ಲಿ ಎಲ್ಲಿ ಬೇಕಾದರೂ ಓಡಾಡಬಹುದು.

ವೀಸಾ ಕೇಳಬೇಕಾದ್ದು ಯಾವ ದೇಶವನ್ನು? ಜಾಸ್ತಿ ದಿನ ಇರುವ ದೇಶವನ್ನು. ನಾಲ್ಕು ದಿನ ಇಟಲಿ, ಎರಡು ದಿನ ಫ್ರಾನ್ಸ್ ಅಂದರೆ ಇಟಲಿ. ಎರಡೂ ಕಡೆ ಸಮ ಅಂದರೆ ಮೊದಲು ಕಾಲಿಡುವ ದೇಶ. ಯಾವ ದೇಶದ ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೋ ಅಲ್ಲಿ ವೀಸಾ ತೆಗೆದು, ಆ ದೇಶಕ್ಕೆ ಹೋಗದೆ ಬೇರೆ ಕಡೆ ಇದ್ದು ಬರುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಗಡಿಯಲ್ಲಿ ಹೋಟೆಲ್ ಬುಕಿಂಗ್ ಕೇಳುವ ಅಧಿಕಾರ ಅವರಿಗಿದೆ. ಮುಂದಿನ ಅರ್ಜಿಯಲ್ಲಿ ಇದೇ ಕಾರಣಕ್ಕೆ ತಿರಸ್ಕಾರ ಬಂದರೆ, ಅದನ್ನು ಆಮೇಲೆ ಬ್ರಿಟನ್ನಿನ ಅರ್ಜಿಗಳಲ್ಲೂ ಹೇಳಿಕೊಳ್ಳಬೇಕಾಗುತ್ತದೆ.

ಹೆಜ್ಜೆ 3: ಅರ್ಜಿ

ಪ್ರವಾಸದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಕೊನೆಯೆಂದರೆ 15 ದಿನ ಮುಂಚೆ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬೇಕಾದರೆ 45 ದಿನದವರೆಗೂ ಎಳೆಯಬಹುದು. ಆದರೆ ನಿಜವಾದ ತಲೆನೋವು ಅಪಾಯಿಂಟ್‌ಮೆಂಟ್ ಸಿಗುವುದು. ಲಂಡನ್, ಮ್ಯಾಂಚೆಸ್ಟರ್, ಎಡಿನ್‌ಬರೋ ಕೇಂದ್ರಗಳಲ್ಲಿ ಬೇಸಿಗೆ ರಜೆಯ ಸ್ಲಾಟುಗಳು ಬೇಗ ತುಂಬುತ್ತವೆ. ಜುಲೈಗೆ ಹೊರಡುವವರು ಫೆಬ್ರವರಿಯಲ್ಲೇ ನೋಡಲು ಶುರುಮಾಡಿ. ದುಡ್ಡು ತೆಗೆದುಕೊಂಡು ಸ್ಲಾಟ್ ಕೊಡಿಸುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ನಿಮ್ಮ ಪಾಸ್‌ಪೋರ್ಟ್ ವಿವರ ಗುರುತಿಲ್ಲದವರ ಕೈಗೆ ಸಿಕ್ಕಿಬಿಡುತ್ತದೆ.

ಫೀಸು 2024ರ ಜೂನ್ 11ರಿಂದ ದೊಡ್ಡವರಿಗೆ 90 ಯೂರೊ, 6ರಿಂದ 11 ವರ್ಷದ ಮಕ್ಕಳಿಗೆ 45. ಆರು ವರ್ಷದೊಳಗಿನವರಿಗೆ ಇಲ್ಲ. ಅರ್ಜಿ ಕೇಂದ್ರದ ಸರ್ವಿಸ್ ಚಾರ್ಜ್ ಬೇರೆ. ಪ್ರೀಮಿಯಂ ಲೌಂಜ್, ಎಸ್‌ಎಂಎಸ್, ಕೊರಿಯರ್ ಅಂತ ದಾರಿಯುದ್ದಕ್ಕೂ ಕೇಳುತ್ತಾರೆ. ಲೌಂಜ್ ತೆಗೆದುಕೊಂಡರೆ ವೀಸಾ ಬೇಗ ಬರುತ್ತದೆ ಅನ್ನುವುದು ಸುಳ್ಳು. ಸುಮ್ನೆ ಕೂರಲು ಒಂದು ಒಳ್ಳೆಯ ಕುರ್ಚಿ, ಅಷ್ಟೇ.

ಕಾಗದಗಳು ಹೀಗಿರಲಿ. ಪಾಸ್‌ಪೋರ್ಟ್ ಕಳೆದ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಎರಡು ಖಾಲಿ ಪುಟ ಇರಬೇಕು, ನೀವು ಷೆಂಗೆನ್ ಬಿಡುವ ದಿನದಿಂದ ಮುಂದೆ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ನಿಮ್ಮ ಬ್ರಿಟನ್ ವೀಸಾ ಕೂಡ ಪ್ರವಾಸದ ನಂತರ ಮೂರು ತಿಂಗಳು ಉಳಿದಿರಬೇಕು ಎಂದು ಹೆಚ್ಚಿನ ದೇಶಗಳು ಕೇಳುತ್ತವೆ. ಇ-ವೀಸಾದ ಪ್ರಿಂಟ್, ಶೇರ್ ಕೋಡ್. ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಸಂಬಳದ ಚೀಟಿ. ರಜೆ ಕೊಟ್ಟಿದ್ದೇವೆ, ವಾಪಸ್ ಬಂದು ಕೆಲಸಕ್ಕೆ ಸೇರುತ್ತಾರೆ ಅಂತ ಕಂಪನಿಯ ಪತ್ರ. ಓದುವವರಿಗೆ ಯೂನಿವರ್ಸಿಟಿಯ ಪತ್ರ. ಹೋಗಿಬರುವ ಟಿಕೆಟ್ ಬುಕಿಂಗ್, ಪ್ರತಿ ರಾತ್ರಿಯ ಹೋಟೆಲ್. ಕನಿಷ್ಠ 30,000 ಯೂರೊ ಕವರ್ ಇರುವ, ಎಲ್ಲಾ ಷೆಂಗೆನ್ ದೇಶಕ್ಕೂ ನಡೆಯುವ ಟ್ರಾವೆಲ್ ಮೆಡಿಕಲ್ ಇನ್ಶೂರೆನ್ಸ್. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಉಚಿತವಾಗಿ ಕೊಡುವ, ಯುರೋಪಿನಲ್ಲಿ ಚಿಕಿತ್ಸೆಗೆ ನಡೆಯುವ ಜಿಎಚ್‌ಐಸಿ ಕಾರ್ಡ್ ಇದ್ದರೂ ಈ ಇನ್ಶೂರೆನ್ಸ್ ಬೇಕು.

ಹೋಟೆಲನ್ನು ಕ್ಯಾನ್ಸಲ್ ಮಾಡಲು ಬರುವ ಹಾಗೆ ಬುಕ್ ಮಾಡಿ. ವೀಸಾ ಕೈಗೆ ಬರುವವರೆಗೆ ದುಡ್ಡು ವಾಪಸ್ ಬಾರದ ಟಿಕೆಟ್ ತೆಗೆದುಕೊಳ್ಳಬೇಡಿ.

ಈಗ ನಮ್ಮವರಿಗೇ ವಿಶೇಷವಾಗಿ ಬರುವ ಒಂದು ತೊಡಕು: ಹೆಸರು. ನಮ್ಮಲ್ಲಿ ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಇರುತ್ತದೆ. ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಗಂಡನ ಸರ್‌ನೇಮ್ ಒಂದು, ಹೆಂಡತಿಯದು ಇನ್ನೊಂದು, ಮಗುವಿಗೆ ಅಪ್ಪನ ಮೊದಲ ಹೆಸರೇ ಸರ್‌ನೇಮ್. ಇಲ್ಲಿನ ಅಧಿಕಾರಿಗೆ ಇದು ಒಂದೇ ಕುಟುಂಬ ಅಂತ ಕಾಗದ ನೋಡಿ ಗೊತ್ತಾಗುವುದಿಲ್ಲ. ಹಾಗಾಗಿ ಪಾಸ್‌ಪೋರ್ಟಿನಲ್ಲಿ ಅಕ್ಷರ ಹೇಗಿದೆಯೋ ಹಾಗೇ ಅರ್ಜಿ, ಟಿಕೆಟ್, ಇನ್ಶೂರೆನ್ಸ್, ಹೋಟೆಲ್ ಎಲ್ಲದರಲ್ಲೂ ಹಾಕಿ. ಮದುವೆ ಸರ್ಟಿಫಿಕೇಟ್, ಮಗುವಿನ ಜನನ ಪ್ರಮಾಣಪತ್ರ ಜೊತೆಗಿಡಿ. ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಬೇಕು. ಮಗು ಅಪ್ಪ ಅಮ್ಮರಲ್ಲಿ ಒಬ್ಬರ ಜೊತೆ ಮಾತ್ರ ಹೋಗುತ್ತಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರವೂ ಬೇಕು.

ಹತ್ತು ಬೆರಳಿನ ಗುರುತು ಕೊಡಬೇಕು. ಅದು 59 ತಿಂಗಳು ನಡೆಯುತ್ತದೆ. ಆ ಅವಧಿಯೊಳಗೆ ಮತ್ತೆ ಅರ್ಜಿ ಹಾಕಿದರೆ ಹಳೆಯದನ್ನೇ ಬಳಸಬಹುದು. 12 ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚು ಇಲ್ಲ. ಅಪಾಯಿಂಟ್‌ಮೆಂಟಿನ ವಾರ ಬೆರಳ ತುದಿಗೆ ಮೆಹಂದಿ ಹಾಕಿಕೊಳ್ಳಬೇಡಿ. ಗುರುತು ಸರಿಯಾಗಿ ಮೂಡದೆ ಇನ್ನೊಂದು ದಿನ ಬರಬೇಕಾದೀತು.

ಒಂದು ಮಾತು ನೆನಪಿಡಿ. ಅರ್ಜಿ ನಡೆಯುವಷ್ಟು ದಿನ ನಿಮ್ಮ ಪಾಸ್‌ಪೋರ್ಟ್ ಸಾಮಾನ್ಯವಾಗಿ ಅವರ ಹತ್ತಿರ ಇರುತ್ತದೆ. ಊರಲ್ಲಿ ಯಾರಿಗಾದರೂ ಹುಷಾರಿಲ್ಲ, ಯಾವಾಗ ಬೇಕಾದರೂ ಹೊರಡಬೇಕು ಅನ್ನುವ ಸ್ಥಿತಿ ಇದ್ದರೆ ಆ ತಿಂಗಳು ಅರ್ಜಿ ಹಾಕಬೇಡಿ.

ಹೆಜ್ಜೆ 4: ವೀಸಾ ಸ್ಟಿಕ್ಕರನ್ನು ಓದಿ

ಪಾಸ್‌ಪೋರ್ಟ್ ವಾಪಸ್ ಬಂದಾಗ ಖುಷಿಯಲ್ಲಿ ಫೋಟೋ ತೆಗೆದು ಒಳಗಿಡುತ್ತೇವೆ. ಅದರಲ್ಲಿ ಮೂರು ವಿಷಯ ಬೇರೆ ಬೇರೆ ಇದೆ, ಕೂತು ಓದಿ. ಯಾವ ದಿನದಿಂದ ಯಾವ ದಿನದವರೆಗೆ ವೀಸಾ ನಡೆಯುತ್ತದೆ ಅನ್ನುವುದು ಒಂದು. ಆ ಅವಧಿಯೊಳಗೆ ನೀವು ಒಟ್ಟು ಎಷ್ಟು ದಿನ ಇರಬಹುದು ಅನ್ನುವುದು ಇನ್ನೊಂದು. ಎಷ್ಟು ಸಲ ಒಳಗೆ ಬರಬಹುದು ಅನ್ನುವುದು ಮೂರನೆಯದು.

ಅವಧಿ ಜೂನ್ 1ರಿಂದ 30, ಇರುವ ದಿನ 10 ಅಂತ ಇದೆ ಅಂದುಕೊಳ್ಳಿ. ಜೂನ್ 5ಕ್ಕೆ ಇಳಿದಿರಿ. ಇಳಿದ ದಿನವೂ ಲೆಕ್ಕ, ಹೊರಡುವ ದಿನವೂ ಲೆಕ್ಕ. ಹತ್ತನೆಯ ದಿನ ಜೂನ್ 14. ನಿಮ್ಮ ವಿಮಾನ 14ರ ರಾತ್ರಿ ಅಂದುಕೊಂಡಿದ್ದೀರಿ, ಟಿಕೆಟಿನಲ್ಲಿ 15ರ ಮಧ್ಯರಾತ್ರಿ ಹನ್ನೆರಡೂವರೆ ಅಂತ ಇದೆ. ಪಾಸ್‌ಪೋರ್ಟ್ ತಪಾಸಣೆ ಹನ್ನೆರಡು ಗಂಟೆ ದಾಟಿದ ಮೇಲೆ ಆದರೆ ನೀವು ಒಂದು ದಿನ ಜಾಸ್ತಿ ಇದ್ದ ಹಾಗಾಗುತ್ತದೆ. ಅವಧಿ 30ರವರೆಗೆ ಇದೆಯಲ್ಲ ಅನ್ನುವ ವಾದ ನಡೆಯುವುದಿಲ್ಲ.

ಒಂದೇ ಪ್ರವೇಶದ ವೀಸಾ ಇದ್ದರೆ ಇನ್ನೊಂದು ಎಚ್ಚರ. ಕ್ರೊವೇಷಿಯಾದ ಡುಬ್ರೊವ್ನಿಕ್‌ಗೆ ಹೋದವರು ಪಕ್ಕದ ಬೋಸ್ನಿಯಾದ ಮೋಸ್ಟಾರ್ ಸೇತುವೆ ನೋಡಿಬರೋಣ ಅಂತ ಬಸ್ ಹತ್ತುತ್ತಾರೆ. ಬೋಸ್ನಿಯಾ ಷೆಂಗೆನ್‌ನಲ್ಲಿ ಇಲ್ಲ. ಗಡಿ ದಾಟಿದ ಕ್ಷಣ ನಿಮ್ಮ ವೀಸಾ ಮುಗಿಯಿತು. ಹೋಟೆಲಿನಲ್ಲಿ ಸೂಟ್‌ಕೇಸ್ ಇದ್ದರೂ ವಾಪಸ್ ಒಳಗೆ ಬರಲು ಆಗುವುದಿಲ್ಲ.

ವೀಸಾಗಳನ್ನು ಸರಿಯಾಗಿ ಬಳಸುತ್ತಾ ಹೋದರೆ ಮುಂದೆ ದೊಡ್ಡ ಅವಧಿಯದು ಸಿಗುವ ಕ್ರಮವಿದೆ. ಎರಡು ವರ್ಷದಲ್ಲಿ ಮೂರು ವೀಸಾ ಸರಿಯಾಗಿ ಬಳಸಿದ್ದರೆ ಒಂದು ವರ್ಷದ ಮಲ್ಟಿಪಲ್ ಎಂಟ್ರಿ, ಆಮೇಲೆ ಎರಡು ವರ್ಷದ್ದು, ಆಮೇಲೆ ಐದು ವರ್ಷದ್ದು. 2024ರ ಏಪ್ರಿಲ್‌ನಲ್ಲಿ ಭಾರತೀಯರಿಗೆ ಇನ್ನೂ ಸುಲಭ ಮಾಡಿದ್ದಾರೆ ಅಂತ ಸುದ್ದಿ ಬಂದಿತ್ತು. ಸುದ್ದಿ ನಿಜ. ಆದರೆ ಅದು ಭಾರತದಲ್ಲಿ ವಾಸವಿದ್ದು ಅಲ್ಲಿಂದಲೇ ಅರ್ಜಿ ಹಾಕುವವರಿಗೆ. ನಮಗೆ ಸಾಮಾನ್ಯ ಕ್ರಮವೇ. ಐದು ವರ್ಷದ ವೀಸಾ ಸಿಕ್ಕರೂ, ಯಾವುದೇ 180 ದಿನದಲ್ಲಿ 90 ದಿನಕ್ಕಿಂತ ಜಾಸ್ತಿ ಇರುವ ಹಾಗಿಲ್ಲ.

ಹೆಜ್ಜೆ 5: ಗಡಿಯಲ್ಲಿ

ರೈಲಿನಲ್ಲಿ ಹೋಗುವವರಿಗೆ ಫ್ರಾನ್ಸಿನ ಗಡಿ ಇರುವುದು ಲಂಡನ್ನಿನಲ್ಲೇ. ಸೇಂಟ್ ಪ್ಯಾಂಕ್ರಾಸ್‌ನಲ್ಲಿ ಬ್ಯಾಗ್ ಚೆಕ್ ಮುಗಿದ ಮೇಲೆ ಫ್ರೆಂಚ್ ಪೊಲೀಸರ ಕೌಂಟರ್ ಬರುತ್ತದೆ. ಡೋವರ್ ಬಂದರಿನಲ್ಲೂ, ಕಾರು ರೈಲಿಗೆ ಹತ್ತಿಸುವ ಫೋಕ್‌ಸ್ಟನ್‌ನಲ್ಲೂ ಹೀಗೇ. ಹಾಗಾಗಿ ರೈಲು ಅಂದರೆ ಹದಿನೈದು ನಿಮಿಷ ಮುಂಚೆ ಹೋದರೆ ಸಾಕು ಅನ್ನುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಎರಡು ಗಂಟೆ ಮುಂಚೆ ಹೋಗಿ.

2025ರ ಅಕ್ಟೋಬರ್ 12ರಿಂದ ಇಇಎಸ್ ಅನ್ನುವ ಹೊಸ ವ್ಯವಸ್ಥೆ ಶುರುವಾಗಿದೆ. ಹಂತಹಂತವಾಗಿ ತಂದು, 2026ರ ಏಪ್ರಿಲ್ 10ಕ್ಕೆ ಎಲ್ಲಾ ಗಡಿಗಳಲ್ಲೂ ಪೂರ್ತಿ ಜಾರಿ ಮಾಡುವುದು ಅವರ ಗುರಿಯಾಗಿತ್ತು. ಪಾಸ್‌ಪೋರ್ಟಿಗೆ ಸೀಲು ಹಾಕುವ ಬದಲು ಕಂಪ್ಯೂಟರಿನಲ್ಲಿ ನೀವು ಬಂದ ದಿನ, ಹೋದ ದಿನ ದಾಖಲಾಗುತ್ತದೆ. ವೀಸಾ ಬೇಡದ ದೇಶದವರು ಮೊದಲ ಸಲ ಮುಖದ ಫೋಟೋ ಜೊತೆ ನಾಲ್ಕು ಬೆರಳಿನ ಗುರುತನ್ನೂ ಕೊಡಬೇಕು. ನಮ್ಮ ಬೆರಳಚ್ಚು ವೀಸಾ ಅರ್ಜಿಯಲ್ಲೇ ಅವರ ಹತ್ತಿರ ಇರುವುದರಿಂದ ನಮಗೆ ಫೋಟೋ ಸಾಕು. ಇದಕ್ಕೆ ಫೀಸಿಲ್ಲ, ಮೊದಲೇ ಅರ್ಜಿಯೂ ಬೇಕಿಲ್ಲ. ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಮುಚ್ಚಿಬಿಡಿ.

ನಮ್ಮ ಮಗಳಿಗೆ ಎಂಟು ವರ್ಷ. ಕ್ಯಾಮೆರಾ ಎತ್ತರಕ್ಕೆ ಅವಳ ಮುಖ ಸಿಗಲಿಲ್ಲ. ಅಧಿಕಾರಿ ಗಾಜಿನ ಆಚೆಯಿಂದ ಕೈ ಮೇಲೆ ಎತ್ತಿ ತೋರಿಸಿದರು. ಅವಳನ್ನು ಎತ್ತಿ ಹಿಡಿದೆ, ಅವಳು ನಕ್ಕಳು, ಫೋಟೋ ತಿರಸ್ಕಾರ. ನಗಬಾರದು ಅಂತ ಹೇಳಿ ಮತ್ತೆ ಎತ್ತಿದೆ. ಮೂರನೇ ಸಲಕ್ಕೆ ಆಯಿತು. ಮಕ್ಕಳಿರುವವರು ಕ್ಯೂನಲ್ಲಿ ನಿಂತಾಗಲೇ ಟೋಪಿ, ಹೇರ್‌ಬ್ಯಾಂಡ್ ತೆಗೆಸಿ ಇಟ್ಟುಕೊಳ್ಳಿ.

ಇಟಿಯಾಸ್ ಅಂತ ಇನ್ನೊಂದು ಹೆಸರು ಕೇಳುತ್ತೀರಿ. 20 ಯೂರೊ ಕಟ್ಟಿ ಮುಂಚಿತವಾಗಿ ಅನುಮತಿ ಪಡೆಯುವುದು. ಅದು ವೀಸಾ ಬೇಡದ ಪಾಸ್‌ಪೋರ್ಟಿನವರಿಗೆ, ಅಂದರೆ ಬ್ರಿಟಿಷ್ ಪಾಸ್‌ಪೋರ್ಟ್ ಇರುವವರಿಗೆ. ಷೆಂಗೆನ್ ವೀಸಾ ಇರುವ ನಮಗೆ ಬೇಡ.

ಒಳಗೆ ಹೋದ ಮೇಲೂ ಪಾಸ್‌ಪೋರ್ಟನ್ನು ಹೋಟೆಲಿನಲ್ಲಿ ಬಿಟ್ಟು ಬೇರೆ ದೇಶಕ್ಕೆ ಹೋಗಬೇಡಿ. ಷೆಂಗೆನ್ ಒಳಗೆ ಗಡಿ ತಪಾಸಣೆ ಇಲ್ಲ ಅನ್ನುತ್ತಾರೆ. ಆದರೆ ಜರ್ಮನಿ 2024ರ ಸೆಪ್ಟೆಂಬರ್‌ನಿಂದ ತನ್ನ ಎಲ್ಲಾ ನೆಲದ ಗಡಿಗಳಲ್ಲೂ ತಪಾಸಣೆ ಶುರುಮಾಡಿತು. ರೈಲಿನಲ್ಲಿ ಪೊಲೀಸರು ಬಂದು ಕೇಳುತ್ತಾರೆ.

ಬುತ್ತಿ ಕಟ್ಟುವ ಮುಂಚೆ

ಇದು ಸಣ್ಣ ವಿಷಯ ಅನ್ನಿಸಬಹುದು. ಮನೆಯಲ್ಲಿ ಅಡುಗೆ ಮಾಡಿಕೊಂಡು ಹೊರಡುವ ನಮಗೆ ಸಣ್ಣದಲ್ಲ. ಬ್ರೆಕ್ಸಿಟ್ ಆದಮೇಲೆ ಬ್ರಿಟನ್ನಿನಿಂದ ಒಕ್ಕೂಟದೊಳಗೆ ಮಾಂಸ, ಹಾಲು ಮತ್ತು ಅವುಗಳಿಂದ ಮಾಡಿದ್ದನ್ನು ಒಯ್ಯುವ ಹಾಗಿಲ್ಲ. 2021ರ ಜನವರಿಯಲ್ಲಿ ಹಾಲೆಂಡಿನ ಬಂದರಿನಲ್ಲಿ ಕಸ್ಟಮ್ಸ್‌ನವರು ಲಾರಿ ಡ್ರೈವರುಗಳ ಹ್ಯಾಮ್ ಸ್ಯಾಂಡ್‌ವಿಚ್ ಕಿತ್ತುಕೊಂಡದ್ದು ಟಿವಿಯಲ್ಲೇ ಬಂದಿತ್ತು. ಅದೇ ನಿಯಮ ನಮ್ಮ ಮೊಸರನ್ನದ ಡಬ್ಬಿಗೂ, ತುಪ್ಪದ ಬಾಟಲಿಗೂ, ಪನೀರ್ ಪಲ್ಯಕ್ಕೂ. ಚಿಕ್ಕ ಮಗುವಿನ ಹಾಲಿನ ಪುಡಿಗೆ 2 ಕೆಜಿವರೆಗೆ ರಿಯಾಯಿತಿ ಇದೆ. ಹಸಿ ತರಕಾರಿ, ಹಣ್ಣು, ಸೊಪ್ಪಿಗೂ ಸರ್ಟಿಫಿಕೇಟ್ ಬೇಕು. ಹಾಗಾಗಿ ಕರಿಬೇವಿನ ಕಟ್ಟು ಬೇಡ. ಸರ್ಟಿಫಿಕೇಟ್ ಇಲ್ಲದೆ ಬಿಡುವ ಐದರಲ್ಲಿ ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರ ಇವೆ. ಐದನೆಯದು ಡ್ಯೂರಿಯನ್. ಪುಳಿಯೋಗರೆ, ಒಗ್ಗರಣೆ ಅವಲಕ್ಕಿ, ಚಟ್ನಿಪುಡಿ ಆರಾಮಾಗಿ ಒಯ್ಯಿರಿ.

ವಾಪಸ್ ಬರುವಾಗಲೂ ನೋಡಿ. ಕಾಲುಬಾಯಿ ಜ್ವರದ ಭಯದಿಂದ 2025ರ ಏಪ್ರಿಲ್ 12ರಿಂದ ಬ್ರಿಟನ್ ಕೂಡ ಒಕ್ಕೂಟದ ದೇಶಗಳಿಂದ ಮಾಂಸ, ಹಾಲಿನ ಪದಾರ್ಥ ತರುವುದನ್ನು ನಿಲ್ಲಿಸಿತು. ಪ್ಯಾರಿಸ್ಸಿನಿಂದ ಚೀಸ್ ತರುವ ಆಸೆ ಇದ್ದರೆ ಅಲ್ಲೇ ತಿಂದು ಬನ್ನಿ.

ಐರ್ಲೆಂಡ್: ಗೇಟಿಲ್ಲದ ಗಡಿ

ನಮ್ಮವರು ತಿಳಿಯದೆ ಕಾನೂನು ಮುರಿಯುವ ಜಾಗ ಇದು. ಬೆಲ್‌ಫಾಸ್ಟ್ ಇರುವುದು ಉತ್ತರ ಐರ್ಲೆಂಡಿನಲ್ಲಿ, ಅದು ಬ್ರಿಟನ್ನಿನ ಭಾಗ. ಅಲ್ಲಿಗೆ ಹೋಗಲು ನಮಗೆ ಬೇರೆ ವೀಸಾ ಬೇಡ. ಕಾರು ಬಾಡಿಗೆಗೆ ತೆಗೆದುಕೊಂಡು ಜೈಂಟ್ಸ್ ಕಾಸ್‌ವೇ ನೋಡುತ್ತೀರಿ. ಹಾಗೇ ಡೆರಿ ದಾಟಿ ಮುಂದೆ ಹೋದರೆ ಡೊನೆಗಾಲ್. ದಾರಿಯಲ್ಲಿ ಗೇಟಿಲ್ಲ, ಪೊಲೀಸರಿಲ್ಲ, ಬೋರ್ಡೂ ಕಾಣದಿರಬಹುದು. ಸ್ಪೀಡ್ ಬೋರ್ಡು ಮೈಲಿಯಿಂದ ಕಿಲೋಮೀಟರಿಗೆ ಬದಲಾಗುತ್ತದೆ, ಫೋನಿಗೆ ಐರ್ಲೆಂಡಿಗೆ ಸ್ವಾಗತ ಅಂತ ಮೆಸೇಜ್ ಬರುತ್ತದೆ. ಅಷ್ಟರಲ್ಲಿ ನೀವು ವೀಸಾ ಇಲ್ಲದೆ ಇನ್ನೊಂದು ದೇಶದೊಳಗೆ ಇದ್ದೀರಿ.

ಎರಡು ದೇಶಗಳ ನಡುವೆ ಕಾಮನ್ ಟ್ರಾವೆಲ್ ಏರಿಯಾ ಅನ್ನುವ ಮುಕ್ತ ಓಡಾಟದ ವ್ಯವಸ್ಥೆ ಇರುವುದು ನಿಜ. ಆದರೆ ವೀಸಾ ಇಲ್ಲದೆ ಓಡಾಡುವ ಹಕ್ಕು ಬ್ರಿಟಿಷ್ ಮತ್ತು ಐರಿಷ್ ಪ್ರಜೆಗಳಿಗೆ ಮಾತ್ರ. ಬ್ರಿಟನ್ನಿನಲ್ಲಿ ಕೆಲಸದ ವೀಸಾ, ಐಎಲ್‌ಆರ್ ಇರುವ ಭಾರತೀಯರಿಗೆ ಐರಿಷ್ ವೀಸಾ ಬೇಕು. ಷೆಂಗೆನ್ ವೀಸಾ ಅಲ್ಲಿ ನಡೆಯುವುದಿಲ್ಲ. ಬಸ್ಸಿನಲ್ಲಿ, ರೈಲಿನಲ್ಲಿ ಐರಿಷ್ ಪೊಲೀಸರು ಆಗಾಗ ತಪಾಸಣೆ ಮಾಡುತ್ತಾರೆ. ಸಿಕ್ಕಿಬಿದ್ದರೆ ಆ ದಾಖಲೆ ಮುಂದಿನ ಎಲ್ಲಾ ವೀಸಾ ಅರ್ಜಿಗೂ ಅಂಟಿಕೊಳ್ಳುತ್ತದೆ. ಡೊನೆಗಾಲ್‌ನ ಸಮುದ್ರ ದಂಡೆ ಬಹಳ ಚೆಂದ ಅನ್ನುತ್ತಾರೆ. ವೀಸಾ ಮಾಡಿಸಿಕೊಂಡೇ ನೋಡಿ.

ಊರಿಗೆ ಹೋಗುವ ದಾರಿಯಲ್ಲಿ

ಬೆಂಗಳೂರಿಗೆ ಫ್ರಾಂಕ್‌ಫರ್ಟ್, ಮ್ಯೂನಿಕ್, ಪ್ಯಾರಿಸ್ ಮೇಲೆ ಹೋಗುವ ಟಿಕೆಟ್ ಕೆಲವೊಮ್ಮೆ ಕಡಿಮೆಗೆ ಸಿಗುತ್ತದೆ. ಕೊಳ್ಳುವ ಮುಂಚೆ ನಿಲ್ಲಿ. ಏರ್‌ಪೋರ್ಟಿನ ಒಳಗೇ ವಿಮಾನ ಬದಲಿಸುವುದಕ್ಕೂ ಭಾರತೀಯರಿಗೆ ಟ್ರಾನ್ಸಿಟ್ ವೀಸಾ ಕೇಳುವ ಷೆಂಗೆನ್ ದೇಶಗಳಿವೆ. ಬ್ರಿಟನ್ ಒಕ್ಕೂಟದಲ್ಲಿದ್ದಾಗ ಬ್ರಿಟನ್ ವೀಸಾ ಇದ್ದವರಿಗೆ ವಿನಾಯಿತಿ ಇತ್ತು. ಈಗ ಆ ವಿನಾಯಿತಿ ಅಮೆರಿಕ, ಕೆನಡಾ, ಜಪಾನ್ ವೀಸಾ ಇರುವವರಿಗೆ ಇದೆ, ಬ್ರಿಟನ್ನಿನ ಹೆಸರು ಪಟ್ಟಿಯಲ್ಲಿಲ್ಲ. ದೇಶದಿಂದ ದೇಶಕ್ಕೆ ನಿಯಮ ಬೇರೆ, ಆಗಾಗ ಬದಲಾಗುತ್ತದೆ ಕೂಡ. ಟಿಕೆಟ್ ಕೊಳ್ಳುವ ದಿನವೇ ಆ ದೇಶದ ರಾಯಭಾರ ಕಚೇರಿಯ ಪುಟ ನೋಡಿ.

ಎರಡು ಷೆಂಗೆನ್ ಏರ್‌ಪೋರ್ಟ್ ಬರುವ ಟಿಕೆಟ್ ಅಂತೂ ಬೇಡವೇ ಬೇಡ. ಮ್ಯಾಂಚೆಸ್ಟರ್‌ನಿಂದ ಮ್ಯೂನಿಕ್, ಮ್ಯೂನಿಕ್‌ನಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಬೆಂಗಳೂರು ಅಂದರೆ ಮಧ್ಯದ ಹಾರಾಟ ಷೆಂಗೆನ್ ಒಳಗಿನದು. ಅದಕ್ಕೆ ಪೂರ್ತಿ ಷೆಂಗೆನ್ ವೀಸಾ ಬೇಕು. ಯಾರದೋ ಸಾವಿನ ಸುದ್ದಿ ಕೇಳಿ ಅವಸರದಲ್ಲಿ ಟಿಕೆಟ್ ತೆಗೆದವರು ಇಲ್ಲಿ ಕೌಂಟರಿನಲ್ಲೇ ಸಿಕ್ಕಿಬೀಳುತ್ತಾರೆ. ಅಂಥ ಹೊತ್ತಿಗೆ ನೇರ ವಿಮಾನ ಅಥವಾ ದುಬೈ, ದೋಹಾ, ಅಬುಧಾಬಿ ದಾರಿಯೇ ಕ್ಷೇಮ.

ಅಪ್ಪ ಅಮ್ಮ ಬಂದಾಗ

ಊರಿನಿಂದ ಅಪ್ಪ ಅಮ್ಮ ಆರು ತಿಂಗಳಿಗೆ ಬಂದಾಗ ಪ್ಯಾರಿಸ್, ಸ್ವಿಟ್ಜರ್ಲೆಂಡ್ ತೋರಿಸುವ ಆಸೆ ಎಲ್ಲರಿಗೂ ಇರುತ್ತದೆ. ಅವರ ಷೆಂಗೆನ್ ವೀಸಾವನ್ನು ಅವರು ಹೊರಡುವ ಮುಂಚೆ ಭಾರತದಲ್ಲೇ ಮಾಡಿಸಿ. ವಾಸವಿರುವ ದೇಶದಲ್ಲಿ ಅರ್ಜಿ ಹಾಕುವುದು ನಿಯಮ. ಪ್ರವಾಸಿಯಾಗಿ ಬಂದವರ ಅರ್ಜಿಯನ್ನು ಲಂಡನ್ನಿನಲ್ಲಿ ತೆಗೆದುಕೊಳ್ಳುವುದು ಅಪರೂಪ. ಮೊದಲು ಯುಕೆ ವೀಸಾ, ಅದು ಬಂದ ಮೇಲೆ ಷೆಂಗೆನ್. ಎರಡಕ್ಕೂ ಸೇರಿ ಮೂರ್ನಾಲ್ಕು ತಿಂಗಳು ಇಟ್ಟುಕೊಳ್ಳಿ. ಐರ್ಲೆಂಡಿನ ವಿಷಯದಲ್ಲಿ ಅವರಿಗೆ ನಮಗಿಲ್ಲದ ಅನುಕೂಲ ಒಂದಿದೆ. ಭಾರತದಲ್ಲಿ ತೆಗೆದ ಯುಕೆ ಪ್ರವಾಸಿ ವೀಸಾದ ಮೇಲೆ ಬಿಐವಿಎಸ್ (ಬ್ರಿಟಿಷ್-ಐರಿಷ್ ವೀಸಾ ಸ್ಕೀಮ್) ಅಂತ ನಮೂದಾಗಿದ್ದರೆ, ಮೊದಲು ಬ್ರಿಟನ್ನಿಗೆ ಬಂದಿಳಿದು ಆಮೇಲೆ ಅದೇ ವೀಸಾದಲ್ಲಿ ಐರ್ಲೆಂಡಿಗೂ ಹೋಗಬಹುದು.

ಮನೆಯಲ್ಲಿ ಬೇರೆ ಪಾಸ್‌ಪೋರ್ಟ್ ಇದ್ದರೆ

ನಿಮ್ಮ ಗಂಡನೋ ಹೆಂಡತಿಯೋ ಐರಿಷ್, ಜರ್ಮನ್ ಹೀಗೆ ಒಕ್ಕೂಟದ ಪ್ರಜೆಯಾಗಿದ್ದರೆ, ಅವರ ಜೊತೆ ಅವರ ಸ್ವಂತ ದೇಶ ಬಿಟ್ಟು ಬೇರೆ ಒಕ್ಕೂಟದ ದೇಶಕ್ಕೆ ಹೋಗುವಾಗ ನಿಮ್ಮ ವೀಸಾಗೆ ಫೀಸಿಲ್ಲ, ಕಾಗದವೂ ಕಡಿಮೆ. ಮದುವೆ ಸರ್ಟಿಫಿಕೇಟ್ ಬೇಕು, ಅದಕ್ಕೆ ಅಪಾಸ್ಟಿಲ್, ಅಂದರೆ ವಿದೇಶದಲ್ಲಿ ನಡೆಯುವ ಹಾಗೆ ಸರ್ಕಾರ ಹಾಕುವ ದೃಢೀಕರಣದ ಮುದ್ರೆ, ಕೇಳುವ ಕಚೇರಿಗಳೂ ಇವೆ. ಸಂಗಾತಿ ಬ್ರಿಟಿಷ್ ಆಗಿದ್ದರೆ ಈ ಯಾವ ಅನುಕೂಲವೂ ಈಗಿಲ್ಲ.

ನೀವೇ ಬ್ರಿಟಿಷ್ ಪ್ರಜೆಯಾದರೆ ಪೌರತ್ವ ಕೊಡುವ ಸಮಾರಂಭದ ದಿನದಿಂದ ಭಾರತದ ಪಾಸ್‌ಪೋರ್ಟಿನಲ್ಲಿ ಪ್ರಯಾಣ ಮಾಡುವ ಹಾಗಿಲ್ಲ. ಅದರಲ್ಲಿರುವ ಷೆಂಗೆನ್ ವೀಸಾ ಇನ್ನೂ ನಾಲ್ಕು ವರ್ಷ ಉಳಿದಿದ್ದರೂ ಅಷ್ಟೇ. ಬ್ರಿಟಿಷ್ ಪಾಸ್‌ಪೋರ್ಟ್ ಕೈಗೆ ಬರುವವರೆಗೆ ಟಿಕೆಟ್ ಬುಕ್ ಮಾಡಬೇಡಿ.

ಕೊನೆಯ ಹೆಜ್ಜೆ: ವಾಪಸ್ ಬಂದ ರಾತ್ರಿ

ಮುಂದೆ ಐಎಲ್‌ಆರ್‌ಗೆ ಅರ್ಜಿ ಹಾಕುವಾಗ ನೀವು ಬ್ರಿಟನ್ನಿನಿಂದ ಹೊರಗಿದ್ದ ಪ್ರತಿ ದಿನದ ಲೆಕ್ಕ ಕೇಳುತ್ತಾರೆ. ಸ್ಕಿಲ್ಡ್ ವರ್ಕರ್ ವೀಸಾದವರು ಯಾವುದೇ 12 ತಿಂಗಳಲ್ಲಿ 180 ದಿನಕ್ಕಿಂತ ಜಾಸ್ತಿ ಹೊರಗಿರಬಾರದು. ಪೌರತ್ವಕ್ಕೆ ಐದು ವರ್ಷದ ದಾರಿಯಲ್ಲಿ ಹೋಗುವವರಿಗೆ ಆ ಐದು ವರ್ಷದಲ್ಲಿ 450 ದಿನ, ಕೊನೆಯ ವರ್ಷ 90 ದಿನ ಮಿತಿ. ಇಷ್ಟು ದಿನ ಪಾಸ್‌ಪೋರ್ಟಿನ ಸೀಲು ನೋಡಿ ದಿನಾಂಕ ತುಂಬುತ್ತಿದ್ದೆವು. ಇಇಎಸ್ ಬಂದ ಮೇಲೆ ಸೀಲೇ ಇಲ್ಲ.

ನಮ್ಮ ಮನೆಯಲ್ಲಿ ಅಡುಗೆಮನೆಯ ಡ್ರಾಯರಿನಲ್ಲಿ ಒಂದು ಉದ್ದದ ನೋಟ್‌ಬುಕ್ ಇದೆ. ಸೂಟ್‌ಕೇಸ್ ಬಿಚ್ಚುವ ಮುಂಚೆ ಅದರಲ್ಲಿ ಒಂದು ಸಾಲು ಬರೆಯುತ್ತೇವೆ: ಹೊರಟ ದಿನ, ಬಂದ ದಿನ, ಯಾವ ದೇಶ, ಯಾವ ರೈಲು ಅಥವಾ ವಿಮಾನ. ಬೋರ್ಡಿಂಗ್ ಪಾಸನ್ನು ಆ ಪುಟಕ್ಕೇ ಪಿನ್ ಮಾಡುತ್ತೇವೆ. ಮಗಳದು ಬೇರೆ ಪುಟ, ಅದನ್ನು ಅವಳೇ ಬರೆಯುತ್ತಾಳೆ.